ಪೋರ್ಟ್‌ಫೋಲಿಯೊ ಪಕ್ಕಕ್ಕಿಟ್ಟು ಎರಡನೇ ಚಿತ್ರ ಕೇಳುವುದೇಕೆ

ಅನಿಮೇಷನ್ ಸ್ಟುಡಿಯೊ ಒಂದರಲ್ಲಿ ಚಿತ್ರ ಬಿಡಿಸುವವರನ್ನು ಆರಿಸುವುದು, ಆರಿಸಿಕೊಂಡವರನ್ನು ಪಳಗಿಸಿ ಕೆಲಸಕ್ಕೆ ಹಚ್ಚುವುದು ನನ್ನ ಉದ್ಯೋಗ. ಹಾಗಾಗಿ ಬೇರೆಯವರು ಹರಟೆಯಲ್ಲಿ ಎತ್ತಿ ಅಲ್ಲೇ ಬಿಟ್ಟುಹೋಗುವ ಪ್ರಶ್ನೆಯೊಂದಕ್ಕೆ ನಾನು ಏನಾದರೊಂದು ಉತ್ತರ ಇಟ್ಟುಕೊಂಡೇ ಇರಬೇಕಾಗುತ್ತದೆ. ಕಲೆ ಕಲಿಸಿದರೆ ಬರುತ್ತದೆಯೋ, ಹುಟ್ಟಿನಿಂದಲೇ ಬಂದಿರಬೇಕೋ? ಕಲಿಸಿದರೆ ಬರುತ್ತದೆ ಅಂತಾದರೆ ತರಬೇತಿಗೆ ಸಮಯ ಎತ್ತಿಡಬೇಕು. ಹುಟ್ಟಿನಿಂದಲೇ ಅಂತಾದರೆ ತರಬೇತಿಯ ಗೊಡವೆ ಬಿಟ್ಟು ಹುಡುಕಾಟಕ್ಕೇ ಎಲ್ಲ ಸುರಿಯಬೇಕು. ಗಾದೆಗಳಂತೂ ಎರಡೂ ಕಡೆ ಇವೆ. ‘ಹಾಡ್ತಾ ಹಾಡ್ತಾ ರಾಗ’ ಅಂತ ಒಬ್ಬರು ಶುರುಮಾಡಿದರೆ ‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನಲು ಇನ್ನೊಬ್ಬರು ಸಿದ್ಧರಾಗಿಯೇ ಇರುತ್ತಾರೆ. ಗಾದೆ ನಂಬಿಕೊಂಡು ಆಫರ್ ಲೆಟರ್ ಕೊಡಲಾಗುವುದಿಲ್ಲವಲ್ಲ.

ಕೆಲಸದಲ್ಲಿ ನಾನು ಬಂದು ನಿಂತಿರುವ ಜಾಗವನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ‘ಪ್ರತಿಭೆ’ ಎಂದು ಕರೆಯುವುದರಲ್ಲಿ ದೊಡ್ಡ ಪಾಲು, ನಮ್ಮ ಕಣ್ಣಿಗೆ ಬೀಳದೆ ನಡೆದುಹೋದ ಅಭ್ಯಾಸ. ಉಳಿದ ಸಣ್ಣ ಪಾಲು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಸಣ್ಣ ಪಾಲು ಮುಗಿದ ಚಿತ್ರದಲ್ಲಿ ಕಾಣಿಸುವುದಿಲ್ಲ. ಒಂದು ಚಿತ್ರಕ್ಕೂ ಅದನ್ನು ತಿದ್ದಿಸಿಕೊಂಡ ನಂತರದ ಚಿತ್ರಕ್ಕೂ ನಡುವೆ ಆಗುವ ಬದಲಾವಣೆಯಲ್ಲಿ ಕಾಣಿಸುತ್ತದೆ. ಆದ್ದರಿಂದ ಕೆಲಸ ಕೇಳಿಕೊಂಡು ಬಂದವರು ತಾವೇ ಆರಿಸಿ ತಂದ ಚಿತ್ರಗಳ ಸಂಗ್ರಹ, ಅಂದರೆ ಅವರ ಪೋರ್ಟ್‌ಫೋಲಿಯೊ ನೋಡಿ, ಮೆಚ್ಚಿ, ಪಕ್ಕಕ್ಕಿಟ್ಟು, ಎರಡು ಚಿತ್ರ ಕೇಳುತ್ತೇವೆ.

ಪೋರ್ಟ್‌ಫೋಲಿಯೊ ಸುಳ್ಳು ಹೇಳುತ್ತದೆ ಅಂತಲ್ಲ. ಅದು ತನಗೆ ಬೇಕಾದ್ದನ್ನಷ್ಟೇ ಹೇಳುತ್ತದೆ. ಇಷ್ಟು ವರ್ಷ ಇದನ್ನೇ ನೋಡಿ ನೋಡಿ, ಚಿತ್ರದಲ್ಲಿ ಏನಿದೆ ಎನ್ನುವುದಕ್ಕಿಂತ ಏನು ಅಡಗಿದೆ ಎನ್ನುವುದರ ಕಡೆಗೇ ನನ್ನ ಕಣ್ಣು ಮೊದಲು ಹೋಗುತ್ತದೆ. ಕೈಗಳು ಜೇಬಿನಲ್ಲಿ ಅಥವಾ ಬೆನ್ನ ಹಿಂದೆ. ಪಾದಗಳು ಹುಲ್ಲಿನೊಳಗೆ. ಒಂದು ಕಣ್ಣಿನ ಮೇಲೆ ಇಳಿಬಿದ್ದ ಕೂದಲು, ಯಾಕೆಂದರೆ ಎರಡನೇ ಕಣ್ಣನ್ನು ಮೊದಲನೆಯದಕ್ಕೆ ಸರಿಯಾಗಿ ಕೂರಿಸುವುದು ಕಷ್ಟ. ಮುಖಗಳೆಲ್ಲ ಮುಕ್ಕಾಲು ತಿರುವಿನಲ್ಲಿ, ಎಲ್ಲವೂ ಒಂದೇ ದಿಕ್ಕಿಗೆ. ಬಲಗೈಯವರಲ್ಲಿ ಹೆಚ್ಚಿನವರಿಗೆ ಎಡಕ್ಕೆ ನೋಡುವ ಮುಖ ಸಲೀಸು. ಆ ಒಂದು ಮುಖವನ್ನು ಅವರು ಶಾಲೆಯ ನೋಟ್‌ಬುಕ್ಕಿನ ಕೊನೆಯ ಪುಟಗಳಿಂದ ಹಿಡಿದು ಲೆಕ್ಕವಿಲ್ಲದಷ್ಟು ಸಲ ಬರೆದಿರುತ್ತಾರೆ. ನೋಡಿದವರು ‘ದೈವದತ್ತ’ ಅಂದಿರುತ್ತಾರೆ. ಅದೇ ಪಾತ್ರ ಬಗ್ಗಿ ಶೂ ಲೇಸ್ ಕಟ್ಟುತ್ತಿದೆ, ಕ್ಯಾಮೆರಾ ಮೇಲಿದೆ, ಬರೆಯಿರಿ ಅಂದರೆ ದೈವ ಅಷ್ಟು ಬೇಗ ಓಗೊಡುವುದಿಲ್ಲ. ಇದರಿಂದ ಅವರಲ್ಲಿ ಪ್ರತಿಭೆಯಿಲ್ಲ ಅಂತ ತೀರ್ಮಾನಿಸುವುದೂ ಅಷ್ಟೇ ತಪ್ಪು. ಆ ಭಂಗಿಯನ್ನು ಅವರು ಇನ್ನೂ ಬರೆದಿಲ್ಲ, ಅಷ್ಟೇ.

ಇನ್ನು ಕಲಿಸುವ ವಿಷಯ. ಕೈ ನಡುಗುತ್ತದೆ, ಗೆರೆ ಸೊಟ್ಟ ಬರುತ್ತದೆ, ಅದಕ್ಕೇ ಚಿತ್ರ ಬರುವುದಿಲ್ಲ ಅಂತ ಬಹಳ ಜನ ನಂಬಿಕೊಂಡಿದ್ದಾರೆ. ತಮ್ಮ ಸಹಿಯನ್ನು ಕಣ್ಣುಮುಚ್ಚಿ ಹಾಕುವವರ ಕೈಗೆ ಏನು ತೊಂದರೆ? 1997ರಲ್ಲಿ ಡೇಲ್ ಕೋಹೆನ್ ಮತ್ತು ಸೂಸನ್ ಬೆನೆಟ್ ಎಂಬ ಮನಶ್ಶಾಸ್ತ್ರಜ್ಞರು, ಹೆಚ್ಚಿನವರಿಗೆ ಕಂಡದ್ದನ್ನು ಕಂಡಂತೆ ಬರೆಯಲು ಯಾಕೆ ಆಗುವುದಿಲ್ಲ ಎನ್ನುವುದನ್ನೇ ಹಿಡಿದು ಪ್ರಯೋಗ ಮಾಡಿದರು. ಕೈಯ ಹಿಡಿತ, ಏನನ್ನು ಬರೆಯಬೇಕೆಂಬ ಆಯ್ಕೆ, ತಾನು ಬರೆದದ್ದನ್ನು ತಾನೇ ನೋಡುವ ರೀತಿ ಎಲ್ಲವನ್ನೂ ಬೇರೆ ಬೇರೆ ಮಾಡಿ ನೋಡಿದಾಗ, ತಪ್ಪಿನ ದೊಡ್ಡ ಮೂಲವಾಗಿ ಸಿಕ್ಕಿದ್ದು ಎದುರಿನ ವಸ್ತುವನ್ನೇ ತಪ್ಪಾಗಿ ಗ್ರಹಿಸುವುದು. ನಮ್ಮ ಕ್ಲಾಸಿನಲ್ಲಿ ಇದು ಮೊದಲ ಗಂಟೆಯಲ್ಲೇ ಗೊತ್ತಾಗುತ್ತದೆ. ಪಕ್ಕದಲ್ಲಿ ಕೂತವರ ಮುಖ ಬರೆಯಿರಿ ಅನ್ನುತ್ತೇನೆ. ಬಹುತೇಕ ಎಲ್ಲರೂ ಕಣ್ಣುಗಳನ್ನು ತಲೆಯ ಮೇಲ್ಭಾಗದಲ್ಲಿ ಕೂರಿಸುತ್ತಾರೆ. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣು ಇರುವುದು ಸರಿಸುಮಾರು ನಟ್ಟನಡುವೆ. ಹಣೆ ಮತ್ತು ನೆತ್ತಿಯಲ್ಲಿ ‘ನೋಡುವಂಥದ್ದು’ ಏನೂ ಇಲ್ಲವಾದ್ದರಿಂದ ಮನಸ್ಸು ಆ ಜಾಗವನ್ನು ಕುಗ್ಗಿಸಿಬಿಡುತ್ತದೆ. ಪೆನ್ಸಿಲ್ ಹಿಡಿದು ಅಳೆಯಿರಿ ಅಂದಾಗ ಅಳೆದು, ನಂಬದೆ, ಇನ್ನೊಮ್ಮೆ ಅಳೆಯುತ್ತಾರೆ. ಆ ಎರಡನೇ ಅಳತೆ ನನಗೆ ಬಹಳ ಇಷ್ಟ.

ಮೇಜನ್ನು ಬರೆಯುವಾಗಲೂ ಇದೇ ಕಥೆ. ಕುರ್ಚಿಯಲ್ಲಿ ಕೂತು ನೋಡಿದರೆ ಮೇಜಿನ ಹಲಗೆ ಒಂದು ಸಪೂರ ಪಟ್ಟಿಯಂತೆ ಕಾಣಬೇಕು. ಆದರೆ ಅದು ಅಗಲವಾದ ಆಯತ ಅಂತ ನಮಗೆ ಮೊದಲೇ ಗೊತ್ತು. ಆ ಗೊತ್ತಿರುವುದು ಕೈಯನ್ನು ಎಳೆದುಕೊಂಡು ಹೋಗಿ ಹಲಗೆಯನ್ನು ಎತ್ತರಕ್ಕೆ ಬಿಡಿಸುತ್ತದೆ. ರೋಜರ್ ಶೆಪರ್ಡ್ 1990ರಲ್ಲಿ ಪ್ರಕಟಿಸಿದ ಎರಡು ಮೇಜುಗಳ ಚಿತ್ರವನ್ನು ನಾನು ಇಲ್ಲಿ ತೋರಿಸುತ್ತೇನೆ. ಒಂದು ಉದ್ದ ಮತ್ತು ಕಿರಿದು, ಇನ್ನೊಂದು ಗಿಡ್ಡ ಮತ್ತು ಅಗಲ ಅಂತ ಕಣ್ಣು ಹಟ ಹಿಡಿಯುತ್ತದೆ. ಒಂದರ ಹಲಗೆಯನ್ನು ಕತ್ತರಿಸಿ, ತಿರುಗಿಸಿ ಇನ್ನೊಂದರ ಮೇಲಿಟ್ಟರೆ ಅಂಚಿಗೆ ಅಂಚು ಕೂರುತ್ತದೆ. ಕತ್ತರಿಸಿ ನೋಡಿದ ಮೇಲೂ ಭ್ರಮೆ ಹೋಗುವುದಿಲ್ಲ.

ಹಾಗಾದರೆ ಕಲಾವಿದರ ಕಣ್ಣಿಗೆ ಈ ಭ್ರಮೆ ಇಲ್ಲವೇ? ನಾನೂ ಹಾಗೇ ಇರಬಹುದು ಅಂದುಕೊಳ್ಳುವ ಜನರ ನಡುವೆಯೇ ಬೆಳೆದವನು. 2011ರಲ್ಲಿ ಫ್ಲೋರಿಯನ್ ಪೆರ್ಡ್ರೊ ಮತ್ತು ಪ್ಯಾಟ್ರಿಕ್ ಕ್ಯಾವನಾ ಇದನ್ನು ಪರೀಕ್ಷಿಸಿದರು. ದೂರಕ್ಕೆ ತಕ್ಕಂತೆ ಗಾತ್ರವನ್ನು, ನೆರಳಿಗೆ ತಕ್ಕಂತೆ ಬಣ್ಣದ ತಿಳಿ-ಗಾಢವನ್ನು ಮನಸ್ಸು ತಾನಾಗಿಯೇ ಸರಿಪಡಿಸಿಕೊಳ್ಳುತ್ತದಲ್ಲ, ಆ ಸರಿಪಡಿಸುವಿಕೆಯಿಂದ ಕಲಾವಿದರೂ ತಪ್ಪಿಸಿಕೊಳ್ಳುವುದಿಲ್ಲ ಅಂತ ಕಂಡುಬಂತು. ಅಂದರೆ ನುರಿತವರಿಗೂ ಮೇಜು ನಮ್ಮಂತೆಯೇ ತಪ್ಪಾಗಿ ಕಾಣುತ್ತದೆ. ಅವರು ಅದನ್ನು ನಂಬುವುದಿಲ್ಲ, ಅಳೆಯುತ್ತಾರೆ. ತೋಳು ಪೂರ್ತಿ ಚಾಚಿ, ಮೊಣಕೈ ಮಡಿಸದೆ, ಒಂದು ಕಣ್ಣು ಮುಚ್ಚಿ ಪೆನ್ಸಿಲ್ ಹಿಡಿಯುತ್ತಾರೆ. ಕೈ ಮತ್ತು ಸೊಂಟದ ನಡುವಿನ ಖಾಲಿ ಜಾಗದ ಆಕಾರ ನೋಡುತ್ತಾರೆ. ಬರೆದದ್ದನ್ನು ಕನ್ನಡಿಯಲ್ಲಿ ನೋಡುತ್ತಾರೆ. ಲಿಯೊನಾರ್ಡೊ ಡ ವಿಂಚಿ ಕೊಟ್ಟ ಸಲಹೆಯೂ ಅದೇ. ಈಗ ಟ್ಯಾಬ್ಲೆಟ್‌ನಲ್ಲಿ ಚಿತ್ರವನ್ನು ಎಡಬಲ ತಿರುಗಿಸುವ ಒಂದು ಬಟನ್ ಆ ಕೆಲಸ ಮಾಡುತ್ತದೆ. ಇದ್ಯಾವುದೂ ಹುಟ್ಟಿನಿಂದ ಬರುವಂಥದ್ದಲ್ಲ. ಯಾರಿಗೆ ಬೇಕಾದರೂ ಹೇಳಿಕೊಡಬಹುದು, ನಾನು ಹೇಳಿಕೊಡುತ್ತಲೇ ಇದ್ದೇನೆ.

ತಲೆಕೆಳಗಾಗಿ ಬರೆಯುವ ಅಭ್ಯಾಸವನ್ನೂ ಮಾಡಿಸುತ್ತೇನೆ. ಬೆಟ್ಟಿ ಎಡ್ವರ್ಡ್ಸ್ ಎಂಬ ಶಿಕ್ಷಕಿ 1970ರ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಪಿಕಾಸೊ ಬರೆದ, ಸಂಗೀತ ಸಂಯೋಜಕ ಸ್ಟ್ರಾವಿನ್ಸ್ಕಿಯ ಗೆರೆಚಿತ್ರವನ್ನು ತಲೆಕೆಳಗಿಟ್ಟು ನಕಲು ಮಾಡಿಸುತ್ತಿದ್ದರು. ಇದು ಮೂಗು, ಇದು ಬೆರಳು ಅಂತ ಗುರುತು ಸಿಗದೆ ಹೋದಾಗ ಮನಸ್ಸು ಸುಮ್ಮನಾಗಿ ಕಣ್ಣು ಗೆರೆಯ ಹಿಂದೆ ಹೋಗುತ್ತದೆ. ಮೆದುಳಿನ ಬಲಭಾಗ ಕಲೆಯದ್ದು, ಎಡಭಾಗ ಲೆಕ್ಕದ್ದು ಅಂತ ಇದಕ್ಕೆ ಅವರು ಕೊಟ್ಟ ವಿವರಣೆಯನ್ನು ನರವಿಜ್ಞಾನಿಗಳು ಅಷ್ಟು ಸರಳವಾಗಿ ಒಪ್ಪುವುದಿಲ್ಲ. ವಿವರಣೆ ಬಿದ್ದುಹೋದರೂ ಅಭ್ಯಾಸ ನಿಂತಿದೆ. ನನಗೆ ಅಷ್ಟು ಸಾಕು.

ನಮ್ಮಲ್ಲಿ ಪ್ರೊಡಕ್ಷನ್ ಡೆಸ್ಕ್‌ನಲ್ಲಿದ್ದ ಸಹೋದ್ಯೋಗಿಯೊಬ್ಬರ ಬಗ್ಗೆ ಹೇಳಬೇಕು. ಶಾಟ್‌ಗಳ ಪಟ್ಟಿ, ಫೈಲ್‌ಗಳ ಹೆಸರು, ಯಾವುದು ಯಾರ ಬಳಿ ನಿಂತಿದೆ ಎನ್ನುವುದನ್ನು ನೋಡಿಕೊಳ್ಳುವುದು ಅವರ ಕೆಲಸ. ಸಂಜೆಯ ಡ್ರಾಯಿಂಗ್ ಕ್ಲಾಸಿಗೆ ಬಂದು ಬಾಗಿಲಲ್ಲೇ ನಿಂತು, “ಸರ್, ನಂಗೆ ನೆಟ್ಟಗೆ ಒಂದು ಗೆರೆ ಎಳೆಯೋಕೂ ಬರಲ್ಲ, ಹಿಂದೆ ಸುಮ್ನೆ ಕೂತ್ಕೋತೀನಿ,” ಅಂದಿದ್ದರು. ಅವರು ಬರೆದ ಮೊದಲ ಮನುಷ್ಯಾಕೃತಿ ನಿಜಕ್ಕೂ ಎಳೆಯ ಮಕ್ಕಳದ್ದರಂತೆಯೇ ಇತ್ತು. ಆದರೆ ಪಟ್ಟಿಗಳ ಜೊತೆ ಬದುಕಿದವರಲ್ಲವೇ, ತಿದ್ದಿದ್ದನ್ನೆಲ್ಲ ಚಿತ್ರದ ಪಕ್ಕದಲ್ಲೇ ಬರೆದಿಟ್ಟುಕೊಳ್ಳುತ್ತಿದ್ದರು. ‘ತಲೆ ಯಾವಾಗಲೂ ದೊಡ್ಡದಾಗ್ತಿದೆ.’ ‘ಭಾರ ಯಾವ ಕಾಲ ಮೇಲಿದೆ ಮೊದಲು ನೋಡು.’ ಮುಂದಿನ ಚಿತ್ರದಲ್ಲಿ ಆ ತಪ್ಪು ಇರುತ್ತಿರಲಿಲ್ಲ, ಹೊಸ ತಪ್ಪು ಇರುತ್ತಿತ್ತು. ಹೊಸ ತಪ್ಪು ಮಾಡುವವರನ್ನು ಕಂಡರೆ ಕಲಿಸುವವನಿಗೆ ಹಬ್ಬ. ಅವರೀಗ ನಮ್ಮ ಸ್ಟೋರಿಬೋರ್ಡ್ ತಂಡದಲ್ಲಿದ್ದಾರೆ, ಅಂದರೆ ಕಥೆಯ ದೃಶ್ಯಗಳನ್ನು ಮೊದಲು ಚೌಕಟ್ಟು ಚೌಕಟ್ಟಾಗಿ ಬರೆದು ತೋರಿಸುವ ತಂಡದಲ್ಲಿ. ಹೊಸದಾಗಿ ಸೇರಿದವರು ಅವರ ಕೆಲಸ ನೋಡಿ, “ಮೇಡಂ, ನಿಮಗಿದು ಹುಟ್ಟಿನಿಂದಲೇ ಬಂದಿದ್ದು ಬಿಡಿ,” ಅನ್ನುತ್ತಾರೆ. ಅವರು ನಕ್ಕು ಸುಮ್ಮನಾಗುತ್ತಾರೆ. ನಾನಾಗಿದ್ದರೆ ಆ ಹಳೆಯ ಸ್ಕೆಚ್‌ಬುಕ್ ತೆಗೆದು ಮೇಜಿನ ಮೇಲಿಡುತ್ತಿದ್ದೆ.

ಸ್ಕೆಚ್‌ಬುಕ್ ಕಳೆದುಹೋದರೆ ಪ್ರತಿಭೆಯ ಕಥೆ ಹುಟ್ಟುತ್ತದೆ. ವಿನ್ಸೆಂಟ್ ವ್ಯಾನ್ ಗೋ ವಿಷಯದಲ್ಲಿ ದಾಖಲೆ ಉಳಿದುಕೊಂಡಿರುವುದರಿಂದ ಅದು ನಮಗೆ ಪಾಠವಾಗಿದೆ. ಆತ ಕಲಾವಿದನಾಗಬೇಕೆಂದು ನಿರ್ಧರಿಸಿದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ. ಅದಕ್ಕೆ ಮೊದಲು ಕಲಾಕೃತಿ ಮಾರುವ ಅಂಗಡಿ, ಶಾಲೆ, ಪುಸ್ತಕದಂಗಡಿ, ಧರ್ಮಪ್ರಚಾರ ಎಲ್ಲ ಆಗಿತ್ತು. ಶುರುವಿನ ಚಿತ್ರಗಳು ಮರಗಟ್ಟಿದಂತಿವೆ. ಚಾರ್ಲ್ಸ್ ಬಾರ್ಗ್ ತಯಾರಿಸಿದ್ದ ಅಭ್ಯಾಸಚಿತ್ರಗಳ ಹಾಳೆಗಳನ್ನು ಇಟ್ಟುಕೊಂಡು ಮತ್ತೆ ಮತ್ತೆ ನಕಲು ಮಾಡಿದ, ದೂರ-ಹತ್ತಿರದ ಅಳತೆಗಾಗಿ ದಾರ ಬಿಗಿದ ಮರದ ಚೌಕಟ್ಟನ್ನು ಮಾಡಿಸಿಕೊಂಡ, ತಮ್ಮ ತಿಯೊಗೆ ಬರೆದ ಪತ್ರಗಳಲ್ಲಿ ಇದನ್ನೆಲ್ಲ ವರದಿ ಒಪ್ಪಿಸಿದ. ಸೂರ್ಯಕಾಂತಿ ಹೂಗಳ ಪ್ರಸಿದ್ಧ ಚಿತ್ರಗಳು 1888ರವು. ಪತ್ರಗಳು ಸುಟ್ಟುಹೋಗಿ ಆ ಚಿತ್ರಗಳಷ್ಟೇ ಉಳಿದಿದ್ದರೆ ನಾವು ಏನು ಹೇಳಿಕೊಳ್ಳುತ್ತಿದ್ದೆವು ಅಂತ ಯೋಚಿಸಿ. ಹುಟ್ಟು ಪ್ರತಿಭೆಗೆ ಉದಾಹರಣೆಯಾಗಿ ಎಲ್ಲರೂ ಎಳೆತರುವ ಪಿಕಾಸೊನ ತಂದೆ ಚಿತ್ರಕಲೆಯ ಮೇಷ್ಟ್ರು. ಮಗನಿಗೆ ಚಿಕ್ಕಂದಿನಿಂದಲೇ ಕ್ರಮಬದ್ಧವಾಗಿ ಕಲಿಸಿದವರು. ಹದಿಹರೆಯದಲ್ಲೇ ಆ ಮಟ್ಟದ ಚಿತ್ರ ಬರೆದ ಹುಡುಗನಲ್ಲಿ ಏನೋ ವಿಶೇಷ ಇತ್ತು ನಿಜ. ಆದರೆ ಮನೆಯಲ್ಲಿ ಮೇಷ್ಟ್ರಿದ್ದದ್ದೂ ನಿಜ. ಕಥೆ ಹೇಳುವಾಗ ಮೇಷ್ಟ್ರನ್ನು ಮಾತ್ರ ಬಿಟ್ಟುಬಿಡುತ್ತಾರೆ.

ನಮ್ಮ ವೃತ್ತಿಯಲ್ಲೇ ಇದಕ್ಕೊಂದು ಗಟ್ಟಿ ಉದಾಹರಣೆಯಿದೆ. 1930ರ ದಶಕದ ಶುರುವಿನಲ್ಲಿ ವಾಲ್ಟ್ ಡಿಸ್ನಿಯ ಸ್ಟುಡಿಯೊದಲ್ಲಿ ಇದ್ದವರೆಲ್ಲ ಆಗಲೇ ಸಂಬಳ ಪಡೆಯುತ್ತಿದ್ದ ಚಿತ್ರಕಾರರು. ಇಲಿ, ಬಾತುಕೋಳಿಗಳನ್ನು ಕುಣಿಸಲು ಅವರ ಕೈ ಸಾಕಿತ್ತು. ನಂಬುವಂಥ ಮನುಷ್ಯರನ್ನು ಪೂರ್ಣಪ್ರಮಾಣದ ಚಲನಚಿತ್ರದಲ್ಲಿ ನಡೆಸಲು ಸಾಲುತ್ತಿರಲಿಲ್ಲ. ಡಿಸ್ನಿ ಹೊಸ ಪ್ರತಿಭೆಗಳಿಗಾಗಿ ಜಾಹೀರಾತು ಕೊಟ್ಟದ್ದು ಹೌದು, ಆದರೆ ಅದರ ಜೊತೆಗೇ ಇದ್ದವರನ್ನು ಕ್ಲಾಸಿಗೆ ಕೂರಿಸಿದರು. ಶುವಿನಾರ್ಡ್ ಕಲಾಶಾಲೆಯ ಡಾನ್ ಗ್ರಹಾಂ 1932ರಿಂದ ಸ್ಟುಡಿಯೊದಲ್ಲೇ ಸಂಜೆ ಕ್ಲಾಸು ತೆಗೆದುಕೊಳ್ಳತೊಡಗಿದರು. ಡಿಸೆಂಬರ್ 1935ರಲ್ಲಿ ಡಿಸ್ನಿಯೇ ಗ್ರಹಾಂಗೆ ಒಂದು ದೀರ್ಘ ಟಿಪ್ಪಣಿ ಬರೆದು, ಒಳ್ಳೆಯ ಆನಿಮೇಟರ್‌ಗೆ ಏನೇನು ಬೇಕು ಅಂತ ಬಿಡಿಸಿಟ್ಟರು. ಚಿತ್ರದ ಹಿಡಿತ, ವಿಡಂಬನೆಯ ಅರಿವು, ನಟನೆಯ ತಿಳಿವಳಿಕೆ, ತಮಾಷೆ ಹೊಳೆಯುವ ತಲೆ, ಕಥೆಯ ಕಟ್ಟಿನ ಜ್ಞಾನ, ದಿನನಿತ್ಯದ ತಾಂತ್ರಿಕ ಕೆಲಸದ ಪರಿಚಯ. ಆ ಪಟ್ಟಿಯಲ್ಲಿ ಕೈಚಳಕ ಒಂದು ಅಂಶ ಮಾತ್ರ. 1937ರ ಡಿಸೆಂಬರ್‌ನಲ್ಲಿ ‘ಸ್ನೋ ವೈಟ್’ ತೆರೆ ಕಂಡಿತು. ಅದರ ಹಿಂದೆ ಕಲಿತ ಕೈಗಳಿದ್ದವು, ಕಲಿಸಿದ ದಾಖಲೆಯೂ ಇದೆ.

ಇಷ್ಟು ಹೇಳಿ ನಿಲ್ಲಿಸಿದರೆ ‘ಅಭ್ಯಾಸವೇ ಎಲ್ಲ’ ಅನ್ನುವವರ ಗುಂಪಿಗೆ ನಾನು ಸೇರಿಬಿಡುತ್ತೇನೆ. ಆ ಗುಂಪಿನ ಜೊತೆಗೂ ನನಗೆ ತಕರಾರಿದೆ.

ಅಷ್ಟು ಅಭ್ಯಾಸ ಮಾಡಿದರೆ ಯಾರು ಬೇಕಾದರೂ ನಿಪುಣರಾಗಬಹುದು ಅನ್ನುವ ‘ಹತ್ತು ಸಾವಿರ ಗಂಟೆ’ ಮಂತ್ರವನ್ನು ಎಲ್ಲ ತರಬೇತಿ ಭಾಷಣಗಳಲ್ಲೂ ಕೇಳಿರುತ್ತೀರಿ. ಅದರ ಬೇರು ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ, ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಅಧ್ಯಯನದಲ್ಲಿದೆ. ಅತ್ಯುತ್ತಮರ ಗುಂಪು 20ನೇ ವಯಸ್ಸಿಗೆ ಸರಾಸರಿ ಸುಮಾರು 10,000 ಗಂಟೆ ಒಂಟಿಯಾಗಿ ಅಭ್ಯಾಸ ಮಾಡಿತ್ತು. ಅದು ಸರಾಸರಿ. ಆ ಗುಂಪಿನಲ್ಲೇ ಎಷ್ಟೋ ಜನ ಅಷ್ಟು ಮಾಡಿರಲಿಲ್ಲ, ಇಷ್ಟು ಗಂಟೆ ದಾಟಿದರೆ ಗೆದ್ದಂತೆ ಎಂಬ ನಿಯಮವನ್ನು ಎರಿಕ್ಸನ್ ಎಂದೂ ಹೇಳಿರಲಿಲ್ಲ. ಮುಂದೆ 2014ರಲ್ಲಿ ಬ್ರೂಕ್ ಮ್ಯಾಕ್ನಮಾರಾ ಮತ್ತಿಬ್ಬರು ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದಾಗ, ಸಂಗೀತದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಉದ್ದೇಶಪೂರ್ವಕ ಅಭ್ಯಾಸ ವಿವರಿಸಿದ್ದು ಶೇ 21ರಷ್ಟನ್ನು. ಚದುರಂಗದಂಥ ಆಟಗಳಲ್ಲಿ ಶೇ 26, ಕ್ರೀಡೆಯಲ್ಲಿ ಶೇ 18. ಕಡಿಮೆಯೇನಲ್ಲ, ಆದರೆ ‘ಎಲ್ಲ’ವೂ ಅಲ್ಲ. ಉಳಿದದ್ದೆಲ್ಲ ಹುಟ್ಟಿನದ್ದು ಅಂತಲೂ ಇದರಿಂದ ಹೇಳಲಾಗದು. ಯಾವ ವಯಸ್ಸಿಗೆ ಶುರುಮಾಡಿದರು, ಯಾರು ಕಲಿಸಿದರು, ಅಳತೆ ಎಷ್ಟು ಸರಿಯಿತ್ತು ಎಲ್ಲ ಅದರೊಳಗೇ ಸೇರಿಕೊಂಡಿರುತ್ತವೆ.

ನನ್ನ ತಲೆಯಲ್ಲಿ ಹೆಚ್ಚು ದಿನ ಕುಳಿತದ್ದು ಅವಳಿಗಳ ಮೇಲಿನ ಅಧ್ಯಯನ. ಸ್ವೀಡನ್ನಿನ 10,000ಕ್ಕೂ ಹೆಚ್ಚು ಅವಳಿಗಳನ್ನು ಇಟ್ಟುಕೊಂಡು ಮಿರಿಯಂ ಮೊಸಿಂಗ್ ಮತ್ತು ತಂಡ 2014ರಲ್ಲೇ ಇದನ್ನು ಪ್ರಕಟಿಸಿತು. ಸ್ವರ, ಲಯ, ರಾಗದ ವ್ಯತ್ಯಾಸ ಗುರುತಿಸುವ ಪರೀಕ್ಷೆಯಲ್ಲಿ, ತದ್ರೂಪಿ ಅವಳಿಗಳಲ್ಲಿ ಹೆಚ್ಚು ಅಭ್ಯಾಸ ಮಾಡಿದವರು ಕಡಿಮೆ ಮಾಡಿದವರಿಗಿಂತ ಮುಂದಿರಲಿಲ್ಲ. ವಾದ್ಯ ನುಡಿಸುವುದನ್ನು ಅಳೆದಿರಲಿಲ್ಲ, ಕೇಳಿ ಗುರುತಿಸುವುದನ್ನಷ್ಟೇ ಅಳೆದಿದ್ದರು ಎಂಬುದನ್ನು ಮರೆಯಬಾರದು. ಅದಕ್ಕಿಂತ ಕುತೂಹಲದ್ದು ಇನ್ನೊಂದಿದೆ. ಎಷ್ಟು ಅಭ್ಯಾಸ ಮಾಡುತ್ತೇವೆ ಎನ್ನುವುದರಲ್ಲೇ ವಂಶವಾಹಿಯ ಪಾಲು ಗಣನೀಯವಾಗಿತ್ತು. ಇಲ್ಲಿಗೆ ಎರಡೂ ಗಾದೆಗಳು ಕಾಲು ತೊಡರಿಕೊಂಡು ಬೀಳುತ್ತವೆ. ಹಾಡ್ತಾ ಹಾಡ್ತಾ ರಾಗವೇ ಸರಿ, ಆದರೆ ಮತ್ತೆ ಮತ್ತೆ ಹಾಡಬೇಕು ಅನಿಸುವುದೇ ಒಂದಿಷ್ಟು ಹುಟ್ಟುಗುಣ.

ಸಂಸ್ಕೃತದ ಕಾವ್ಯಮೀಮಾಂಸೆ ಓದಿದವರಿಗೆ ಇದು ಹೊಸದಲ್ಲ. ಕಾವ್ಯ ಹುಟ್ಟಲು ಸಹಜ ಪ್ರತಿಭೆ, ನಿರ್ಮಲವಾದ ಓದು, ಬಿಡದ ಅಭ್ಯಾಸ ಬೇಕು ಅಂತ ಹೇಳಿದ ದಂಡಿ, ಮರುಶ್ಲೋಕದಲ್ಲೇ, ಪ್ರತಿಭೆ ಇಲ್ಲದಿದ್ದರೂ ಓದು ಮತ್ತು ಪ್ರಯತ್ನದಿಂದ ಉಪಾಸಿಸಿದವರಿಗೆ ವಾಗ್ದೇವಿ ಏನಾದರೊಂದು ಅನುಗ್ರಹ ಮಾಡಿಯೇ ಮಾಡುತ್ತಾಳೆ ಅನ್ನುತ್ತಾನೆ. ಇನ್ನೊಬ್ಬ ಮೀಮಾಂಸಕ ಮಮ್ಮಟನದ್ದು ಇನ್ನೂ ಚುರುಕು: ಶಕ್ತಿ, ನಿಪುಣತೆ, ಅಭ್ಯಾಸ ಅಂತ ಮೂರನ್ನು ಹೇಳಿ, ಇವು ಮೂರು ಕಾರಣಗಳಲ್ಲ, ಮೂರೂ ಸೇರಿ ಒಂದೇ ಕಾರಣ ಅಂತ ಗೆರೆ ಎಳೆದ. ಬೇರೆ ಬೇರೆ ಮಾಡಿ ಇದೆಷ್ಟು ಅದೆಷ್ಟು ಅಂತ ಶೇಕಡಾ ಕೇಳುವ ನಮ್ಮ ಅಭ್ಯಾಸಕ್ಕಿಂತ ಈ ಮಾತು ನನ್ನ ಕೆಲಸಕ್ಕೆ ಹೆಚ್ಚು ಹೊಂದುತ್ತದೆ.

ಅಸಾಧಾರಣರು ಇದ್ದಾರೆ, ಅದನ್ನೂ ಹೇಳಬೇಕು. 1970ರ ದಶಕದಲ್ಲಿ ಇಂಗ್ಲೆಂಡಿನ ಆಟಿಸಂ ಇರುವ ಪುಟ್ಟ ಬಾಲಕಿಯೊಬ್ಬಳು, ಇತರ ಮಕ್ಕಳು ವೃತ್ತಕ್ಕೆ ಕಡ್ಡಿಕಾಲು ಹಚ್ಚುವ ವಯಸ್ಸಿನಲ್ಲಿ, ಓಡುವ ಕುದುರೆಗಳನ್ನು ದೂರ-ಹತ್ತಿರದ ಅಳತೆಯ ಸಮೇತ ಬರೆಯುತ್ತಿದ್ದುದನ್ನು ಮನಶ್ಶಾಸ್ತ್ರಜ್ಞೆ ಲೋರ್ನಾ ಸೆಲ್ಫ್ ದಾಖಲಿಸಿದ್ದಾರೆ. ಅದನ್ನು ಯಾರೂ ಕಲಿಸಿರಲಿಲ್ಲ. ಬೆಳೆಯುತ್ತಾ ಆ ಶಕ್ತಿ ಬಹುಮಟ್ಟಿಗೆ ಮಸುಕಾಯಿತು. ಇಂಥವು ಇವೆ ಅಂತ ಒಪ್ಪಿಕೊಂಡ ಮೇಲೂ, ತಂಡ ಕಟ್ಟುವವನಿಗೆ ಇವುಗಳಿಂದ ಯಾವ ನಿಯಮವೂ ಸಿಗುವುದಿಲ್ಲ. ಹಾಗೆಯೇ ‘ಹುಟ್ಟಿನಿಂದ ಇಂಥದ್ದೊಂದು ಇಲ್ಲದಿದ್ದರೆ ಚಿತ್ರಕಾರನಾಗಲಾರ’ ಅನ್ನುವ ಲೆಕ್ಕವೂ ಕೈಕೊಡುತ್ತದೆ. ಕಣ್ಣುಮುಚ್ಚಿದರೆ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡದ ಸ್ಥಿತಿಗೆ ಆಡಂ ಜ಼ೆಮನ್ 2015ರಲ್ಲಿ ಅಫ್ಯಾಂಟೇಸಿಯ ಅಂತ ಹೆಸರಿಟ್ಟರು. ಮನಸ್ಸಿನಲ್ಲಿ ಕಾಣದವರು ಕಾಗದದ ಮೇಲೆ ಏನು ಬರೆದಾರು ಅನಿಸುತ್ತದಲ್ಲವೇ? ಡಿಸ್ನಿಯ ಏರಿಯಲ್ ಎಂಬ ಮತ್ಸ್ಯಕನ್ಯೆಯನ್ನು ರೂಪಿಸಿದ ಗ್ಲೆನ್ ಕೀನ್, ಪಿಕ್ಸಾರ್‌ನ ಅಧ್ಯಕ್ಷರಾಗಿದ್ದ ಎಡ್ ಕ್ಯಾಟ್ಮಲ್ ಇಬ್ಬರೂ ತಮಗೆ ಹೀಗೆಯೇ ಅಂತ ಹೇಳಿಕೊಂಡಿದ್ದಾರೆ. ಕೀನ್ ಅಂಥವರಿಗೆ ಕಾಗದದ ಮೇಲಿನ ಒರಟು ಗೀಚಾಟವೇ ಯೋಚನೆಯ ಜಾಗ. ನಮ್ಮ ತಂಡದಲ್ಲೂ ಇಂಥವರಿದ್ದಾರೆ. ‘ಮೊದಲು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ’ ಅಂತ ಅವರಿಗೆ ಹೇಳುವುದನ್ನು ಬಿಟ್ಟು, ‘ಮೊದಲು ಗೀಚಿ’ ಅನ್ನುತ್ತೇವೆ.

ಹಾಗಾದರೆ ಕಲಿಸಲು ನಿಜಕ್ಕೂ ಕಷ್ಟವಾಗುವುದು ಯಾವುದು? ನನ್ನ ಉತ್ತರ, ಆಯ್ಕೆ.

ಅಳತೆ ಸರಿ, ದೂರ-ಹತ್ತಿರ ಸರಿ, ದೇಹರಚನೆ ಸರಿ, ಆದರೂ ಸ್ಟೋರಿಬೋರ್ಡು ಸತ್ತಂತಿರುವ ಚಿತ್ರಕಾರರೊಬ್ಬರು ನಮ್ಮಲ್ಲಿದ್ದರು. ಅಮ್ಮ ಮಗನನ್ನು ಬಾಗಿಲವರೆಗೆ ಕಳಿಸಿಕೊಡುವ ದೃಶ್ಯ ಕೊಟ್ಟರೆ ಬಾಗಿಲು, ಅಮ್ಮ, ಮಗ, ಚೀಲ, ಎಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ಚೊಕ್ಕವಾಗಿ ಬರೆದಿಟ್ಟರು. ಅವರ ಪಕ್ಕದಲ್ಲಿದ್ದವರು ಕಡ್ಡಿಮನುಷ್ಯರನ್ನೇ ಬರೆದಿದ್ದರು. ಆದರೆ ಮೊದಲ ಚೌಕಟ್ಟಿನಲ್ಲಿ ಬರೀ ಚೀಲದ ಜಿಪ್, ಅದನ್ನು ಹಾಕಿ ಮತ್ತೆ ತೆಗೆಯುವ ಕೈ. ರಿವ್ಯೂ ಕೋಣೆಯಲ್ಲಿ ಎಲ್ಲರೂ ಕಡ್ಡಿಮನುಷ್ಯರ ಬೋರ್ಡಿನ ಕಡೆಗೇ ಬಗ್ಗಿದರು. ಯಾವ ಕ್ಷಣ, ಎಲ್ಲಿಂದ, ಎಷ್ಟು ಹತ್ತಿರದಿಂದ ನೋಡಬೇಕು ಎನ್ನುವುದಕ್ಕೆ ಅಳೆಯುವ ಪೆನ್ಸಿಲ್ ಇಲ್ಲ.

ಇದನ್ನು ‘ಹುಟ್ಟಿನಿಂದ ಬರಬೇಕು’ ಅಂತ ಕೈಚೆಲ್ಲುವವರೇ ಜಾಸ್ತಿ. ನಾವು ಕೈಚೆಲ್ಲದೆ ಒಂದು ಪದ್ಧತಿ ಇಟ್ಟುಕೊಂಡೆವು. ಯಾವ ದೃಶ್ಯಕ್ಕೂ ಒಂದು ಬೋರ್ಡು ತರುವ ಹಾಗಿಲ್ಲ. ಬೆರಳುಗುರಿನಷ್ಟು ಸಣ್ಣ ಥಂಬ್‌ನೇಲ್‌ಗಳಲ್ಲಿ ಮೂರು ಬೇರೆ ಬೇರೆ ದಾರಿ ತರಬೇಕು, ಯಾವುದನ್ನು ಯಾಕೆ ಬಿಟ್ಟೆ ಅಂತ ಬಾಯಿಬಿಟ್ಟು ಹೇಳಬೇಕು. ‘ಚೆನ್ನಾಗಿ ಕಾಣ್ತಿತ್ತು’ ಅಂದರೆ ಕಾರಣ ಅಲ್ಲ. ಇನ್ನೊಬ್ಬರ ಬೋರ್ಡನ್ನೂ ಹೀಗೇ ಬಿಚ್ಚಿ ನೋಡಬೇಕು. ಸತ್ತ ಬೋರ್ಡು ತರುತ್ತಿದ್ದ ಆ ಸಹೋದ್ಯೋಗಿ ಇದರಿಂದ ಎಷ್ಟೋ ಚೇತರಿಸಿಕೊಂಡರು. ಜಿಪ್ ಹಾಕುವ ಕೈಯನ್ನು ಕಂಡವರ ಮಟ್ಟಕ್ಕೆ ಬಂದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಅವರಿಗೆ ದೃಶ್ಯದ ಜಾಗ, ಹಿನ್ನೆಲೆಗಳನ್ನು ಅಳತೆಗೆ ಕೂರಿಸುವ ಲೇಔಟ್ ವಿಭಾಗ ಸರಿಹೋಯಿತು, ಅಲ್ಲಿ ಅವರ ಅಳತೆಯ ಶುದ್ಧಿಗೆ ನಿಜವಾದ ಬೆಲೆ ಸಿಕ್ಕಿತು. ಕಡ್ಡಿಮನುಷ್ಯರ ಚಿತ್ರಕಾರನಾದರೋ, ಆತ ಬಾಲ್ಯದಿಂದ ನಾಟಕ ಮಾಡಿಕೊಂಡು ಬಂದವನು ಅಂತ ನಮಗೆ ಬಹಳ ದಿನದ ಮೇಲೆ ತಿಳಿಯಿತು. ಪ್ರತಿ ಪ್ರದರ್ಶನದಲ್ಲೂ ಜನ ಎಲ್ಲಿ ಕೆಮ್ಮುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಅಂತ ನೋಡಿಕೊಂಡೇ ಬೆಳೆದವನು. ಮತ್ತದೇ, ನಾವು ಕಾಣದ ಅಭ್ಯಾಸ.

ಎರಡು ಚಿತ್ರದ ಪದ್ಧತಿ ಇಂಥವುಗಳಿಂದಲೇ ಬಂತು. ಅಭ್ಯರ್ಥಿಗೆ ಒಂದು ಸಣ್ಣ ಕೆಲಸ ಕೊಡುತ್ತೇವೆ. ಅವರ ಪೋರ್ಟ್‌ಫೋಲಿಯೊದಲ್ಲಿ ಅಡಗಿರುವುದನ್ನೇ ಹುಡುಕಿ ಕೊಡುತ್ತೇವೆ: ಕೈ ಅಡಗಿಸಿದವರಿಗೆ ಕೈ, ಗುಂಪು ಬರೆಯದವರಿಗೆ ಗುಂಪು. ಮೊದಲ ಚಿತ್ರ ಬಂದಮೇಲೆ ನಾನೋ ತಂಡದ ಹಿರಿಯರೊಬ್ಬರೋ ಅವರ ಜೊತೆ ಕೂತು, ಅದರ ಮೇಲೆ ತೆಳ್ಳನೆಯ ಪದರ ಹಾಕಿ, ಎರಡೇ ಎರಡು ವಿಷಯ ತಿದ್ದುತ್ತೇವೆ. ಐದಾರು ಹೇಳಿದರೆ ಯಾವುದೂ ಉಳಿಯುವುದಿಲ್ಲ. ಮರುದಿನ ಅದೇ ಕೆಲಸದ ಎರಡನೇ ಚಿತ್ರ. ಅಂಕ ಕೊಡುವುದು ಎರಡರ ನಡುವಿನ ಅಂತರಕ್ಕೆ. ತಿದ್ದಿದ ಗೆರೆಗಳನ್ನು ಹಾಗೆಯೇ ನಕಲು ಮಾಡಿ ತರುವವರಿದ್ದಾರೆ, ಅದಕ್ಕೆ ಅರ್ಧ ಅಂಕ. ಹೇಳಿದ ಕಾರಣವನ್ನು ಹಿಡಿದು, ನಾವು ಮುಟ್ಟದ ಇನ್ನೊಂದು ಜಾಗದಲ್ಲೂ ತಾವೇ ಸರಿಪಡಿಸಿ ತರುವವರಿದ್ದಾರೆ. ಅಂಥವರ ಮೊದಲ ಚಿತ್ರ ಎಷ್ಟು ಒರಟಾಗಿದ್ದರೂ ಅವರನ್ನು ಆರಿಸಲು ನಾವು ಹಿಂದೆಮುಂದೆ ನೋಡುವುದಿಲ್ಲ. ಮೊದಲ ಚಿತ್ರ ಅಮೋಘವಾಗಿದ್ದು ಎರಡನೆಯದು ಕೂದಲೆಳೆಯಷ್ಟೂ ಅಲುಗದೆ ಬಂದರೆ ಮಾತ್ರ ತಡೆಯುತ್ತೇವೆ. ಸಣ್ಣಂದಿನಿಂದ ‘ನೀನು ಹುಟ್ಟಾ ಕಲಾವಿದ’ ಅಂತ ಕೇಳಿಸಿಕೊಂಡು ಬೆಳೆದವರಿಗೆ ತಿದ್ದುಪಡಿ ಅಂದರೆ ತಮ್ಮ ಮೇಲೇ ಸಂಶಯಪಟ್ಟಂತೆ. ಪೆನ್ಸಿಲ್ ಕೆಳಗಿಟ್ಟು ವಾದಕ್ಕೆ ನಿಲ್ಲುತ್ತಾರೆ. ಅವರನ್ನು ದೂರಲಾರೆ, ಆ ಹೊಗಳಿಕೆ ಕೊಟ್ಟವರನ್ನು ದೂರುತ್ತೇನೆ. ಮಗುವಿನ ಚಿತ್ರ ಕಂಡಾಗ ‘ಎಷ್ಟು ಪ್ರತಿಭೆ’ ಅನ್ನುವ ಬದಲು ‘ಈ ಕೋತಿಯ ಬಾಲ ಯಾಕೆ ಇಷ್ಟು ಉದ್ದ’ ಅಂತ ಕೇಳಿದರೆ ಮಗು ಇನ್ನೊಂದು ಕೋತಿ ಬರೆಯುತ್ತದೆ.

ಈ ಪರೀಕ್ಷೆಗೆ ಕೆಲಸದ ಸಮಯವಾಗುತ್ತದೆ, ಹಾಗಾಗಿ ಆಯ್ಕೆಯಾಗಲಿ ಬಿಡಲಿ ಅಭ್ಯರ್ಥಿಗೆ ದಿನದ ಸಂಭಾವನೆ ಕೊಡುತ್ತೇವೆ. ಮೊದಲು ಲೆಕ್ಕಪತ್ರದವರು ಮುಖ ಸಿಂಡರಿಸಿದ್ದರು. ಈಗ ಒಪ್ಪಿದ್ದಾರೆ, ಯಾಕೆಂದರೆ ಪೋರ್ಟ್‌ಫೋಲಿಯೊ ನೋಡಿ ತೆಗೆದುಕೊಂಡು ಆಮೇಲೆ ಕೈಸುಟ್ಟುಕೊಳ್ಳುವುದಕ್ಕಿಂತ ಇದು ಅಗ್ಗ.

ನಮ್ಮೊಳಗೆ ಇನ್ನೂ ಬಗೆಹರಿಯದ್ದು ಒಂದಿದೆ. ಪ್ರೊಡಕ್ಷನ್ ಡೆಸ್ಕ್‌ನಿಂದ ಬಂದ ಆ ಸಹೋದ್ಯೋಗಿಯದ್ದೇ ಆಕ್ಷೇಪ: “ಸರ್, ಒಂದು ರಾತ್ರಿಯಲ್ಲಿ ತಿದ್ಕೊಳ್ಳೋರನ್ನೇ ನೀವು ಆರಿಸ್ತಿದ್ದೀರಿ. ಇದೂ ವೇಗಕ್ಕೆ ಕೊಟ್ಟ ಅಂಕವೇ ಅಲ್ವಾ? ನನ್ನನ್ನ ಈ ಪರೀಕ್ಷೆಗೆ ಕೂರಿಸಿದ್ರೆ ನಾನು ಫೇಲ್. ನಂಗೆ ಬರೆದಿಟ್ಟುಕೊಂಡಿದ್ದು ಒಳಗೆ ಇಳಿಯೋಕೆ ವಾರ ಬೇಕಾಗ್ತಿತ್ತು.” ಅವರ ಮಾತಿನಲ್ಲಿ ಹುರುಳಿದೆ. ಬೇಗ ಕಲಿಯುವುದು ಬೇರೆ, ಕಲಿತದ್ದು ಉಳಿಯುವುದು ಬೇರೆ, ನಮ್ಮ ಪರೀಕ್ಷೆ ಮೊದಲನೆಯದನ್ನಷ್ಟೇ ಹಿಡಿಯುತ್ತಿರಬಹುದು. ಹಾಗಾಗಿ ಸಂಶಯದಲ್ಲಿ ನಿಂತವರಿಗೆ ಎರಡು ವಾರ ಬಿಟ್ಟು ಮೂರನೇ ಚಿತ್ರ ಕೇಳೋಣ, ಬೇರೆ ದೃಶ್ಯ ಕೊಟ್ಟು ಹಳೆಯ ತಿದ್ದುಪಡಿ ಅದರಲ್ಲಿ ಉಳಿದಿದೆಯೇ ನೋಡೋಣ ಅಂತ ಅವರೇ ಸೂಚಿಸಿದ್ದಾರೆ. ಮುಂದಿನ ಸುತ್ತಿನ ಅಭ್ಯರ್ಥಿಗಳಿಂದ ಅದನ್ನು ಶುರುಮಾಡುತ್ತಿದ್ದೇವೆ. ದೃಶ್ಯ ಆರಿಸುವ ಹೊಣೆಯನ್ನು ಅವರಿಗೇ ಒಪ್ಪಿಸಿದ್ದೇನೆ.